ಸುಳಿಯಿಂದ ಸೀಸೆಗೆ, ಸೀಸೆಯಿಂದ ತೋಟಕ್ಕೆ: ಎಣ್ಣೆ ತಾಳೆಯ ಅಂಗಾಂಶ ಕೃಷಿ

ಬಾಳೆಯ ಬುಡದಲ್ಲಿ ಕಂದು ಏಳುತ್ತದೆ, ಕಬ್ಬಿನ ತುಂಡನ್ನು ಮಣ್ಣಿನಲ್ಲಿ ಹುಗಿದರೆ ಗೆಣ್ಣಿನಿಂದ ಚಿಗುರೊಡೆಯುತ್ತದೆ, ಮಾವಿಗೆ ಕಸಿ ಕಟ್ಟಬಹುದು, ತಾಳೆಯ ಕುಲಕ್ಕೇ ಸೇರಿದ ಖರ್ಜೂರವೂ ಎಳೆಯ ಪ್ರಾಯದಲ್ಲಿ ಬುಡದಿಂದ ಮರಿಗಳನ್ನು ಕೊಡುತ್ತದೆ. ಎಣ್ಣೆ ತಾಳೆಗೆ ಇವು ಯಾವುವೂ ಇಲ್ಲ. ಕಾಂಡದ ತುದಿಯಲ್ಲಿ, ಗರಿಗಳ ಬುಡಗಳು ಒಂದನ್ನೊಂದು ಅಪ್ಪಿಕೊಂಡಿರುವ ಜಾಗದ ಒಳಗೆ, ಅದಕ್ಕಿರುವುದು ಒಂದೇ ಒಂದು ಬೆಳೆಯುವ ಮೊಗ್ಗು. ಆ ಸುಳಿ ಸತ್ತರೆ ಮರ ಸತ್ತಂತೆ. ಕವಲಿಲ್ಲ, ಕಂದಿಲ್ಲ, ಕಸಿ ಬೆಸೆದುಕೊಳ್ಳಲು ಬೇಕಾದ ಕೇಂಬಿಯಂ ಪದರವೂ ಕಾಂಡದಲ್ಲಿಲ್ಲ. ಹಾಗಾಗಿ ತೋಟದಲ್ಲಿ ಅಸಾಧಾರಣವಾಗಿ ಗೊನೆ ಬಿಡುವ ಮರವೊಂದು ಕಣ್ಣಿಗೆ ಬಿದ್ದರೂ ಅದರಂತಹುದೇ ಇನ್ನೊಂದನ್ನು ಪಡೆಯಲು ಬೆಳೆಗಾರನಿಗೆ ಯಾವ ಉಪಾಯವೂ ಇರಲಿಲ್ಲ. ಬೀಜ ಬಿತ್ತಬೇಕು, ಹುಟ್ಟಿದ್ದನ್ನು ಒಪ್ಪಿಕೊಳ್ಳಬೇಕು.

ಈ ಕಾರಣಕ್ಕೇ ಬಾಳೆಯ ಅಂಗಾಂಶ ಕೃಷಿಯನ್ನು ಕಣ್ಣ ಮುಂದಿಟ್ಟುಕೊಂಡು ತಾಳೆಯ ಅಂಗಾಂಶ ಕೃಷಿಯನ್ನು ಅಳೆಯಲಾಗದು. ಬಾಳೆಯಲ್ಲಿ ಪ್ರಯೋಗಾಲಯವು ಗಿಡ ತಾನಾಗಿ ಮಾಡುವ ಕೆಲಸವನ್ನೇ ವೇಗವಾಗಿ, ರೋಗವಿಲ್ಲದಂತೆ ಮಾಡಿಕೊಡುತ್ತದೆ: ಇರುವ ಮೊಗ್ಗನ್ನು ಹಲವಾಗಿಸುತ್ತದೆ. ತಾಳೆಯಲ್ಲಿ ಪ್ರಯೋಗಾಲಯವು ಗಿಡ ಎಂದೂ ಮಾಡದ ಕೆಲಸವನ್ನು ಅದರಿಂದ ಮಾಡಿಸಬೇಕು. ಎಲೆಯಾಗಿ ಮುಗಿದುಹೋಗಬೇಕಾಗಿದ್ದ ಜೀವಕೋಶಕ್ಕೆ ತಾನು ಎಲೆ ಎಂಬುದನ್ನು ಮರೆಸಿ, ಭ್ರೂಣವಾಗುವಂತೆ ಒಲಿಸಬೇಕು. ಐವತ್ತು ವರ್ಷಗಳ ಹಿಂದೆಯೇ ಇದು ಸಾಧ್ಯವಾಯಿತು. ಆದರೂ ಇಂದು ಜಗತ್ತಿನ ತಾಳೆ ತೋಟಗಳ ಬಹುಪಾಲು ಬೀಜದ ಸಸಿಗಳಿಂದಲೇ ತುಂಬಿವೆ. ಈ ವಿಳಂಬಕ್ಕೆ ಕಾರಣ ಹುಡುಕುತ್ತಾ ಹೋದರೆ ತಂತ್ರಜ್ಞಾನದ ನಿಜವಾದ ಅಡಚಣೆ ಸಸಿ ಮಾಡುವುದರಲ್ಲಿಲ್ಲ, ಮಾಡಿದ ಸಸಿ ಎಂತಹುದು ಎಂದು ಸಕಾಲಕ್ಕೆ ತಿಳಿಯುವುದರಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಬೀಜದ ದಾರಿ ಎಲ್ಲಿಯವರೆಗೆ ತಂದು ನಿಲ್ಲಿಸಿದೆ ಎಂದು ನೋಡಬೇಕು. ಆಫ್ರಿಕಾ ಮೂಲದ ಈ ಮರದಲ್ಲಿ ಹಣ್ಣಿನ ರಚನೆಯ ಪ್ರಕಾರ ಮೂರು ಬಗೆಗಳಿವೆ. ಡ್ಯೂರಾದಲ್ಲಿ ಒಳಬೀಜದ ಸುತ್ತ ದಪ್ಪನೆಯ ಚಿಪ್ಪು, ಅದರಿಂದಾಗಿ ಎಣ್ಣೆ ತುಂಬಿದ ಹೊರತಿರುಳಿಗೆ ಜಾಗ ಕಡಿಮೆ. ಪಿಸಿಫೆರಾದಲ್ಲಿ ಚಿಪ್ಪೇ ಇಲ್ಲ, ಆದರೆ ಅದರ ಹೆಣ್ಣು ಹೂಗಳು ಸಾಮಾನ್ಯವಾಗಿ ಬಂಜೆ, ಗೊನೆಗಳು ಬಲಿಯುವ ಮೊದಲೇ ಕೊಳೆತು ಹೋಗುತ್ತವೆ. ಎರಡನ್ನೂ ಕೂಡಿಸಿದಾಗ ಹುಟ್ಟುವ ಟೆನೆರಾದಲ್ಲಿ ಚಿಪ್ಪು ತೆಳು, ತಿರುಳು ದಪ್ಪ. ಇದೆಲ್ಲ ಒಂದೇ ವಂಶವಾಹಿಯ ಎರಡು ರೂಪಗಳ ಆಟ ಎಂದು ಆಗಿನ ಬೆಲ್ಜಿಯನ್ ಕಾಂಗೋದಲ್ಲಿ ಕೆಲಸ ಮಾಡುತ್ತಿದ್ದ ಬೈರ್ನಾರ್ಟ್ ಮತ್ತು ವಾಂಡರ್‌ವೇಯನ್ 1941ರಲ್ಲಿ ತೋರಿಸಿದರು. ಆ ವಂಶವಾಹಿಯನ್ನೇ ಗುರುತಿಸಿ ಹಿಡಿದದ್ದು 2013ರಲ್ಲಿ. ಡ್ಯೂರಾ ಬದಲು ಟೆನೆರಾ ನೆಟ್ಟರೆ ಎಣ್ಣೆ ಸುಮಾರು 30 ಪ್ರತಿಶತ ಹೆಚ್ಚುತ್ತದೆ. ಇಂದು ವಾಣಿಜ್ಯ ತೋಟಗಳಲ್ಲಿರುವುದು ಟೆನೆರಾ.

ತೊಡಕು ಇರುವುದೂ ಅಲ್ಲಿಯೇ. ಟೆನೆರಾ ಮಿಶ್ರತಳಿ. ಅತ್ಯುತ್ತಮ ಟೆನೆರಾ ಮರವನ್ನು ಅದರ ಪರಾಗದಿಂದಲೇ ಫಲಗೊಳಿಸಿ ಬೀಜ ಬಿತ್ತಿದರೆ ಕಾಲು ಭಾಗ ಡ್ಯೂರಾ, ಕಾಲು ಭಾಗ ಪಿಸಿಫೆರಾ, ಉಳಿದ ಅರ್ಧ ಮಾತ್ರ ಟೆನೆರಾ. ಅಂದರೆ ಒಳ್ಳೆಯ ಮರದ ಒಳ್ಳೆಯತನ ಬೀಜದ ಮೂಲಕ ಇಡಿಯಾಗಿ ದಾಟುವುದಿಲ್ಲ. ಡ್ಯೂರಾ ತಾಯಿಗೆ ಪಿಸಿಫೆರಾ ಪರಾಗ ಕೊಟ್ಟು ಪಡೆದ ಬೀಜಗಳೆಲ್ಲ ಟೆನೆರಾ ಆಗುವುದು ನಿಜ, ಆದರೆ ಅವು ಒಡಹುಟ್ಟಿದವರಿದ್ದಂತೆ. ಒಂದೇ ಮನೆಯವರು, ಒಂದೇ ಅಚ್ಚಿನವರಲ್ಲ. 9 ಮೀಟರ್ ಅಂತರದ ತ್ರಿಕೋನ ಪದ್ಧತಿಯಲ್ಲಿ ಒಂದು ಹೆಕ್ಟೇರಿಗೆ 143 ಮರಗಳು ಹಿಡಿಸುತ್ತವೆ. ಅವುಗಳಲ್ಲಿ ಕೆಲವು ಸರಾಸರಿಯನ್ನು ಎಷ್ಟೋ ಮೀರುತ್ತವೆ, ಕೆಲವು ಜಾಗವನ್ನೂ ಗೊಬ್ಬರವನ್ನೂ ತಿಂದು ಸುಮ್ಮನಿರುತ್ತವೆ. ಆ ಮೇಲಿನ ಕೆಲವೇ ಮರಗಳನ್ನು ಆರಿಸಿ 143 ಜಾಗಗಳಲ್ಲೂ ನಿಲ್ಲಿಸಿದರೆ ಹೇಗೆ ಎಂಬ ಸರಳ ಲೆಕ್ಕಾಚಾರವೇ ಅಂಗಾಂಶ ಕೃಷಿಯ ಹಿಂದಿನ ಎಲ್ಲ ಹಣಕ್ಕೂ ಶ್ರಮಕ್ಕೂ ಮೂಲ. ಹೀಗೆ ಮಾಡಿದರೆ ಬೀಜದ ಸಸಿಗಳಿಗಿಂತ 20ರಿಂದ 30 ಪ್ರತಿಶತ ಹೆಚ್ಚು ಎಣ್ಣೆ ಸಿಗಬಹುದೆಂಬುದು ಈ ಕ್ಷೇತ್ರದಲ್ಲಿ ಮೊದಲಿನಿಂದಲೂ ಚಾಲ್ತಿಯಲ್ಲಿರುವ ಅಂದಾಜು.

ಈಗ ಈ ಲೆಕ್ಕ ಮತ್ತೆ ಮುನ್ನೆಲೆಗೆ ಬಂದಿರುವುದಕ್ಕೆ ಕಾರಣಗಳಿವೆ. ತಾಳೆ ಮರದ ಆರ್ಥಿಕ ಆಯಸ್ಸು ಸುಮಾರು 25 ವರ್ಷ. ಆಮೇಲೆ ಮರ ಬದುಕಿರುತ್ತದೆ, ಆದರೆ ಗೊನೆ ಕೊಯ್ಯಲು ಕತ್ತಿ ಕಟ್ಟಿದ ಕೋಲು ಎಟುಕದಷ್ಟು ಎತ್ತರವಾಗಿರುತ್ತದೆ. ಜಗತ್ತಿನ ತಾಳೆ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಕೊಡುವ ಇಂಡೋನೇಷ್ಯಾ ಮತ್ತು ಮಲೇಷಿಯಾಗಳಲ್ಲಿ 1980 ಮತ್ತು 90ರ ದಶಕಗಳಲ್ಲಿ ನೆಟ್ಟ ವಿಶಾಲ ತೋಟಗಳು ಈ ಗಡಿ ದಾಟಿವೆ ಅಥವಾ ದಾಟುತ್ತಿವೆ. ಮರುನಾಟಿಯ ಹೊತ್ತಿನಲ್ಲಿ ಮಾಡುವ ಆಯ್ಕೆ ಮುಂದಿನ ಕಾಲು ಶತಮಾನವನ್ನು ಕಟ್ಟಿಹಾಕುತ್ತದೆ. ಇಂದು ನೆಟ್ಟ ಸಸಿ 2050ರ ಆಸುಪಾಸಿನವರೆಗೂ ಅಲ್ಲಿಯೇ ನಿಂತಿರುತ್ತದೆ. ಅದೇ ಹೊತ್ತಿಗೆ ಹೊಸ ಭೂಮಿಗೆ ಕೈಚಾಚುವುದೂ ಕಷ್ಟವಾಗಿದೆ. ಮಲೇಷಿಯಾ 2019ರಲ್ಲಿ ತನ್ನ ತಾಳೆ ಪ್ರದೇಶಕ್ಕೆ 65 ಲಕ್ಷ ಹೆಕ್ಟೇರ್‌ಗಳ ಮಿತಿ ಹಾಕಿಕೊಂಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಿಂದ ಬಂದ ತಾಳೆ ಎಣ್ಣೆಗೆ ತನ್ನ ಮಾರುಕಟ್ಟೆಯ ಬಾಗಿಲು ಮುಚ್ಚುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಅಂಗೀಕರಿಸಿತು. ಇರುವ ನೆಲದಲ್ಲೇ ಹೆಚ್ಚು ಎಣ್ಣೆ ತೆಗೆಯಬೇಕು ಎಂಬ ಮಾತಿಗೆ ಈಗ ತೂಕ ಬಂದಿರುವುದು ಹೀಗೆ. ತೆಗೆಯಲು ಅವಕಾಶವೂ ಇದೆ: ಜಾಗತಿಕ ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ 3ರಿಂದ 4 ಟನ್ ಎಣ್ಣೆಯ ಆಸುಪಾಸಿನಲ್ಲಿದ್ದರೆ, ಮರದ ಶರೀರಕ್ರಿಯೆಯನ್ನು ಆಧರಿಸಿ ಹಾಕಿದ ಗರಿಷ್ಠ ಸಾಧ್ಯತೆಯ ಅಂದಾಜುಗಳು 17-18 ಟನ್ನಿನವರೆಗೆ ಹೋಗುತ್ತವೆ.

ಇನ್ನು ಪ್ರಯೋಗಾಲಯದ ಕೆಲಸ. ಅದು ಶುರುವಾಗುವುದು ಪ್ರಯೋಗಾಲಯದಲ್ಲಲ್ಲ, ಮರದ ನೆತ್ತಿಯ ಮೇಲೆ. ಹಲವು ವರ್ಷ ಗೊನೆಗಳನ್ನು ತೂಗಿ, ಎಣ್ಣೆಯ ಪ್ರಮಾಣ ಅಳೆದು ಆರಿಸಿದ ತಾಯಿಮರದ ಗರಿಗಳನ್ನು ಒಂದೊಂದಾಗಿ ಸವರಿ, ಸುಳಿಯ ನಡುವಿನಿಂದ ಇನ್ನೂ ಬಿಚ್ಚದ ಎಲೆಗಳ ಕಂಬದಂತಹ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಬೆಳಕನ್ನೇ ಕಾಣದ ಈ ಎಲೆಗಳು ಹಾಲಿನಷ್ಟು ಬಿಳುಪು. ಬೀಸಣಿಗೆಯನ್ನು ಮಡಿಸಿಟ್ಟಂತೆ ನೆರಿಗೆ ನೆರಿಗೆಯಾಗಿ ಒಂದರೊಳಗೊಂದು ಕೂತಿರುತ್ತವೆ, ಉಗುರು ತಾಗಿದರೆ ಗುರುತು ಬೀಳುವಷ್ಟು ಎಳಸು. ಕತ್ತಿ ಸ್ವಲ್ಪ ಕೆಳಗಿಳಿದರೆ ಬೆಳೆಯುವ ಮೊಗ್ಗಿಗೇ ಪೆಟ್ಟಾಗಿ, ಇಷ್ಟು ವರ್ಷ ಕಾದು ಆರಿಸಿದ ಮರವೇ ಸಾಯುತ್ತದೆ. ಕೈ ತಪ್ಪದಿದ್ದರೂ ಮರ ಚೇತರಿಸಿಕೊಂಡು ಮತ್ತೆ ಮೊದಲಿನ ಹಾಗೆ ಗೊನೆ ಬಿಡಲು ವರ್ಷಗಳು ಹಿಡಿಯುತ್ತವೆ. ಇದೇ ಕಾರಣಕ್ಕೆ ಎಳೆಯ ಹಿಂಗಾರದಿಂದ ಅಥವಾ ಬೇರಿನ ತುದಿಯಿಂದ ಅಂಗಾಂಶ ತೆಗೆಯುವ ಪ್ರಯತ್ನಗಳೂ ನಡೆದಿವೆ; ಎಲೆಯ ದಾರಿಯೇ ಹೆಚ್ಚು ಬಳಕೆಯಲ್ಲಿ ಉಳಿದಿದೆ.

ಸೋಂಕು ತೆಗೆದ ಆ ಎಲೆಗಳನ್ನು ಶುದ್ಧಗಾಳಿಯ ಪೆಟ್ಟಿಗೆಯಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ಚೂರುಗಳಾಗಿ ಕತ್ತರಿಸಿ ಸೀಸೆಗಳೊಳಗೆ ಇಡಲಾಗುತ್ತದೆ. ಸೀಸೆಯ ತಳದಲ್ಲಿ ಅಗರ್‌ನಿಂದ ಗಟ್ಟಿಗೊಳಿಸಿದ ಪೋಷಕ ದ್ರವ್ಯ: ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಗೊತ್ತುಪಡಿಸಿದ ಲವಣಗಳ ಪ್ರಮಾಣವೇ ಇಂದಿಗೂ ಅದರ ತಳಹದಿ. ಜೊತೆಗೆ ಸಕ್ಕರೆ, ವಿಟಮಿನ್‌ಗಳು, ಮತ್ತು ಆಕ್ಸಿನ್ ಗುಂಪಿನ ಹಾರ್ಮೋನು. ಹೊಲದಲ್ಲಿ ಕಳೆನಾಶಕವಾಗಿ ಸಿಂಪಡಿಸುವ 2,4-ಡಿ ಇಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕೋಶವಿಭಜನೆಯನ್ನು ಕೆರಳಿಸುವ ಮದ್ದು. ಸೀಸೆಗಳನ್ನು ಕತ್ತಲೆಯಲ್ಲಿ, 27-28 ಡಿಗ್ರಿ ಬೆಚ್ಚಗಿನಲ್ಲಿ ಇಟ್ಟು ಕಾಯಬೇಕು. ವಾರಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಕೆಲವು ಚೂರುಗಳಲ್ಲಿ ನರಗಳ ಗುಂಟ ಉಬ್ಬು ಕಾಣಿಸುತ್ತದೆ, ಉಬ್ಬಿನಿಂದ ಹಳದಿ ಛಾಯೆಯ ಗಂಟು ಗಂಟಾದ ಕೋಶರಾಶಿ ಹೊರಬರುತ್ತದೆ. ಇದೇ ಕ್ಯಾಲಸ್. ಐದು ಚೂರುಗಳಲ್ಲಿ ಒಂದು ಕ್ಯಾಲಸ್ ಕೊಟ್ಟರೆ ಅದೇ ಸಮಾಧಾನ. ಅದರಲ್ಲಿಯೂ ಭ್ರೂಣದ ಹಂತಕ್ಕೆ ಹೋಗುವವು ನೂರಕ್ಕೆ ಬೆರಳೆಣಿಕೆಯಷ್ಟು, ಅದೂ ಒಂದು ವರ್ಷದವರೆಗೆ ಸಮಯ ತೆಗೆದುಕೊಂಡು. ಕೆಲವು ತಾಯಿಮರಗಳಂತೂ ಎಷ್ಟು ಒಲಿಸಿದರೂ ಭ್ರೂಣ ಕೊಡುವುದೇ ಇಲ್ಲ; ಮರ ಎಷ್ಟು ಒಳ್ಳೆಯದು ಎಂಬುದಕ್ಕೂ ಸೀಸೆಯೊಳಗೆ ಅದು ಎಷ್ಟು ಒಗ್ಗುತ್ತದೆ ಎಂಬುದಕ್ಕೂ ಸಂಬಂಧವಿಲ್ಲ.

ಬೀಜವಿಲ್ಲದೆ ಹುಟ್ಟುವ ಈ ಭ್ರೂಣಗಳ ಕಲ್ಪನೆ ಹಳೆಯದು. ಗಿಡದ ಪ್ರತಿ ಕೋಶದಲ್ಲೂ ಇಡೀ ಗಿಡವಾಗುವ ಸಾಮರ್ಥ್ಯ ಅಡಗಿದೆ ಎಂದು ಹೇಬರ್ಲಾಂಟ್ 1902ರಲ್ಲಿಯೇ ವಾದಿಸಿದ್ದರು. ಗಜ್ಜರಿಯ ಕೋಶಗಳಿಂದ ಸ್ಟೂವರ್ಡ್ 1958ರಲ್ಲಿ ಅದನ್ನು ಮಾಡಿ ತೋರಿಸಿದರು. ತಾಳೆಯ ವಿಷಯದಲ್ಲಿ ಬ್ರಿಟನ್ನಿನಲ್ಲಿ ಯೂನಿಲಿವರ್ ಸಂಸ್ಥೆಯ ವಿಜ್ಞಾನಿಗಳೂ ಫ್ರಾನ್ಸಿನ ಸಂಶೋಧಕರೂ ಬೇರೆ ಬೇರೆಯಾಗಿ ದುಡಿದು 1970ರ ದಶಕದ ಮಧ್ಯಭಾಗದ ಹೊತ್ತಿಗೆ ಸಸಿ ಪಡೆದರು. ಆ ದಶಕ ಮುಗಿಯುವ ಮೊದಲೇ ತದ್ರೂಪಿ ತಾಳೆಗಳು ಮಲೇಷಿಯಾದ ನೆಲದಲ್ಲಿ ಬೇರೂರಿದ್ದವು. ಇಲ್ಲೊಂದು ಗೊಂದಲವನ್ನು ದೂರಮಾಡುವುದು ಒಳ್ಳೆಯದು. ಇದು ಕುಲಾಂತರಿ ತಂತ್ರಜ್ಞಾನವಲ್ಲ. ತಾಯಿಮರದ ಡಿಎನ್‌ಎಗೆ ಇಲ್ಲಿ ಹೊರಗಿನಿಂದ ಏನನ್ನೂ ಸೇರಿಸುವುದಿಲ್ಲ.

ಭ್ರೂಣಗಳು ಬೆಳಕಿಗೆ ಬಂದು ಹಸಿರಾಗುತ್ತವೆ, ಮೊಳಕೆ ಒಡೆಯುತ್ತವೆ, ಬೇರು ಬಿಡಿಸಿಕೊಳ್ಳುತ್ತವೆ. ಸೀಸೆಯ ಒದ್ದೆ ಗಾಳಿಯಲ್ಲಿ ಬೆಳೆದ ಎಲೆಗೆ ಮೇಣದ ಲೇಪ ಸರಿಯಾಗಿ ಮೂಡಿರುವುದಿಲ್ಲ, ಬೇರು ನೀರೆಳೆಯಲು ಕಲಿತಿರುವುದಿಲ್ಲ. ಹಾಗಾಗಿ ತೇವಾಂಶವನ್ನು ಮೆಲ್ಲಮೆಲ್ಲಗೆ ಇಳಿಸುತ್ತಾ ಹೊರಗಿನ ಗಾಳಿಗೆ ಒಗ್ಗಿಸಬೇಕು. ಆಮೇಲೆ ಸುಮಾರು ಒಂದು ವರ್ಷ ನರ್ಸರಿಯ ಚೀಲದಲ್ಲಿ. ಎಲೆ ಕತ್ತರಿಸಿದ ದಿನದಿಂದ ತೋಟದ ಗುಂಡಿಯವರೆಗೆ ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ನೆಟ್ಟ ಮೇಲೆ ಮೊದಲ ಗೊನೆಗೆ ಮತ್ತೆ ಎರಡೂವರೆ ಮೂರು ವರ್ಷ. ಈ ಕೊನೆಯ ಅವಧಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಇಡೀ ತಂತ್ರಜ್ಞಾನ ಮುಗ್ಗರಿಸಿದ್ದು ಅದರಿಂದಲೇ.

1986ರಲ್ಲಿ ಕಾರ್ಲಿ ಮತ್ತು ಅವರ ಸಹೋದ್ಯೋಗಿಗಳು ಮಲೇಷಿಯಾದ ತದ್ರೂಪಿ ತೋಟಗಳಲ್ಲಿ ಕಂಡ ವಿಚಿತ್ರವಾದ ಹೂಗಳ ಬಗ್ಗೆ ವರದಿ ಮಾಡಿದರು. ಎಲೆ, ಕಾಂಡ, ಬೆಳವಣಿಗೆ ಎಲ್ಲವೂ ಸರಿಯಾಗಿದ್ದ ಮರಗಳು. ಹೂ ಬಿಟ್ಟಾಗ ಮಾತ್ರ ದೋಷ ಬಯಲಾಯಿತು. ಹೂವಿನಲ್ಲಿ ಕೇಸರಗಳಾಗಬೇಕಾದ ಭಾಗಗಳು ಹೆಣ್ಣು ಅಂಗಗಳ ರೂಪ ತಾಳಿ, ನಡುವಿನ ಹಣ್ಣಿನ ಸುತ್ತ ಬೆರಳುಗಳಂತೆ ಎದ್ದು ನಿಂತಿದ್ದವು. ಹಣ್ಣನ್ನು ಕೈಯಲ್ಲಿ ಹಿಡಿದರೆ ಒಂದು ಹಣ್ಣಿನ ಸುತ್ತ ಆರು ಪುಟ್ಟ ಹಣ್ಣುಗಳು ಅಂಟಿಕೊಂಡು ಮೇಲಂಗಿ ತೊಡಿಸಿದಂತೆ ಕಾಣುತ್ತದೆ. ಇದಕ್ಕೆ ಮ್ಯಾಂಟಲ್ಡ್ ಎಂಬ ಹೆಸರು ಬಿದ್ದದ್ದು ಆ ಹೊದಿಕೆಯಿಂದಲೇ. ದೋಷ ಸೌಮ್ಯವಾಗಿದ್ದರೆ ಗೊನೆ ಹೇಗೋ ಬಲಿಯುತ್ತದೆ, ತೀವ್ರವಾಗಿದ್ದರೆ ಹಣ್ಣು ಕಟ್ಟದೆ ಗೊನೆ ಒಣಗಿ ಕೊಳೆಯುತ್ತದೆ. ಎಣ್ಣೆಗೆಂದೇ ನೆಟ್ಟ ಮರ ಎಣ್ಣೆ ಕೊಡುವುದಿಲ್ಲ.

ಈ ದೋಷದ ಪ್ರಮಾಣ ಒಂದು ತದ್ರೂಪಿ ತಳಿಯಲ್ಲಿ ಶೂನ್ಯವಾದರೆ ಇನ್ನೊಂದರಲ್ಲಿ ಹೆಚ್ಚುಕಡಿಮೆ ಎಲ್ಲ ಮರಗಳಲ್ಲೂ ಇರುತ್ತಿತ್ತು. ಒಂದೇ ತಾಯಿಮರದ ಒಂದೇ ತಂಡದ ಸಸಿಗಳಲ್ಲಿ ಕೆಲವು ಸರಿ, ಕೆಲವು ಕೆಟ್ಟವು. ಹೆಚ್ಚು ಗೋಜಲಿನ ಸಂಗತಿ ಎಂದರೆ ಕೆಲವು ಕೆಟ್ಟ ಮರಗಳು ವರ್ಷಗಳು ಕಳೆದಂತೆ ತಾವಾಗಿಯೇ ಸರಿಹೋಗುತ್ತಿದ್ದವು. ಡಿಎನ್‌ಎಯ ಅಕ್ಷರಗಳಲ್ಲಿ ತಿದ್ದುಪಡಿಯಾಗಿದ್ದರೆ ಮರ ಹೀಗೆ ಹಿಂದಿರುಗುವುದು ಅಪರೂಪ. ಆದ್ದರಿಂದ ದೋಷ ಅಕ್ಷರಗಳಲ್ಲಲ್ಲ, ಅವುಗಳ ಮೇಲಿನ ಗುರುತುಗಳಲ್ಲಿರಬೇಕು ಎಂಬ ಅನುಮಾನ ಬೆಳೆಯಿತು. ಫ್ರಾನ್ಸಿನ ಸಂಶೋಧಕರು ಗಮನಿಸಿದ ಒಂದು ಅಂಶ ಈ ಅನುಮಾನಕ್ಕೆ ಬಲ ಕೊಟ್ಟಿತು. ನಿಧಾನವಾಗಿ ಬೆಳೆಯುವ, ಗಂಟುಗಂಟಾದ ಗಟ್ಟಿ ಕ್ಯಾಲಸ್‌ನಿಂದ ಬಂದ ಸಸಿಗಳಲ್ಲಿ ಸರಾಸರಿ 5 ಪ್ರತಿಶತ ಮಾತ್ರ ದೋಷಯುಕ್ತವಾಗಿದ್ದರೆ, ಬೇಗಬೇಗನೆ ಉಬ್ಬುವ ಮೆದು ಕ್ಯಾಲಸ್‌ನಿಂದ ಬಂದವು ಪೂರ್ತಿ 100 ಪ್ರತಿಶತ ದೋಷಯುಕ್ತ. ಆ ವೇಗದ ಕ್ಯಾಲಸ್‌ನ ಡಿಎನ್‌ಎಯಲ್ಲಿ ಇಂತಹ ಗುರುತುಗಳು, ಅಂದರೆ ಅಕ್ಷರಗಳಿಗೆ ಅಂಟಿಕೊಳ್ಳುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು, ಒಟ್ಟಾರೆ ಕಡಿಮೆಯಾಗಿರುವುದೂ 2000ದ ಸುಮಾರಿಗೆ ಕಂಡುಬಂತು. ಹಣ ಹೂಡಿದವರಿಗೆ ಬೇಕಾಗಿದ್ದದ್ದು ವೇಗ. ಮರ ಒಪ್ಪದಿದ್ದದ್ದೂ ಅದನ್ನೇ.

ಉತ್ತರ ಸಿಕ್ಕಿದ್ದು 2015ರಲ್ಲಿ, ದೋಷ ವರದಿಯಾದ ಇಪ್ಪತ್ತೊಂಬತ್ತು ವರ್ಷಗಳ ಮೇಲೆ. ಮಲೇಷಿಯಾದ ತಾಳೆ ಎಣ್ಣೆ ಮಂಡಳಿಯ ಮೈಲಿನಾ ಒಂಗ್-ಅಬ್ದುಲ್ಲಾ ಅವರ ನೇತೃತ್ವದಲ್ಲಿ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ರಾಬರ್ಟ್ ಮಾರ್ಟಿಯೆನ್ಸೆನ್ ಮೊದಲಾದವರ ಸಹಭಾಗಿತ್ವದಲ್ಲಿ ನಡೆದ ಅಧ್ಯಯನ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೂವಿನಲ್ಲಿ ಯಾವ ಅಂಗ ಎಲ್ಲಿ ಮೂಡಬೇಕೆಂದು ತೀರ್ಮಾನಿಸುವ ವಂಶವಾಹಿಗಳಲ್ಲಿ ಡೆಫಿಷಿಯೆನ್ಸ್ ಎಂಬುದೊಂದು. ಆ ವಂಶವಾಹಿಯ ನಡುವೆ, ಸಂದೇಶ ರೂಪುಗೊಳ್ಳುವಾಗ ಕತ್ತರಿಸಿ ಬಿಸಾಡುವ ಭಾಗದಲ್ಲಿ, ಹಿಂದೆಂದೋ ಬಂದು ಸೇರಿಕೊಂಡ ಜಿಗಿಯುವ ಡಿಎನ್‌ಎ ತುಣುಕೊಂದು ಮಲಗಿದೆ. ಅದರ ಹೆಸರು ಕರ್ಮ. ಸಾಮಾನ್ಯ ಮರದಲ್ಲಿ ಈ ತುಣುಕಿನ ಮೇಲೆ ಮೀಥೈಲ್ ಗುರುತುಗಳು ಒತ್ತಾಗಿ ಕೂತಿದ್ದು ಅದು ಸದ್ದಿಲ್ಲದೆ ಇರುತ್ತದೆ. ಸೀಸೆಯೊಳಗಿನ ಬದುಕಿನಲ್ಲಿ ಆ ಗುರುತುಗಳು ಅಳಿಸಿಹೋದರೆ, ಕೋಶವು ಸಂದೇಶವನ್ನು ಜೋಡಿಸುವಾಗ ಎಡವಿ ಕರ್ಮದ ಭಾಗವನ್ನೂ ಸೇರಿಸಿಕೊಂಡು ಮೊಟಕಾದ ಸಂದೇಶವನ್ನು ತಯಾರಿಸುತ್ತದೆ. ಕೇಸರಗಳ ಜಾಗದಲ್ಲಿ ಹೆಣ್ಣು ಅಂಗಗಳು ಮೂಡುವುದು ಹೀಗೆ. ಗುರುತು ಉಳಿದ ಸ್ಥಿತಿಯನ್ನು ಒಳ್ಳೆಯ ಕರ್ಮ, ಅಳಿದ ಸ್ಥಿತಿಯನ್ನು ಕೆಟ್ಟ ಕರ್ಮ ಎಂದು ವಿಜ್ಞಾನಿಗಳೇ ಕರೆದರು. ಮಾಡಿದ್ದು ವರ್ಷಗಳ ನಂತರ ಫಲದಲ್ಲಿ ಕಾಣಿಸಿಕೊಳ್ಳುವ ಈ ಪ್ರಕರಣಕ್ಕೆ ಕನ್ನಡಿಗರು ಹೆಸರಿಡಬೇಕಾಗಿದ್ದರೂ ಬೇರೆ ಪದ ಹುಡುಕುತ್ತಿರಲಿಲ್ಲ.

ಈ ಸಂಶೋಧನೆಯ ಬೆಲೆ ಎಲ್ಲಿದೆ ಎಂದರೆ, ಗುರುತು ಇದೆಯೋ ಇಲ್ಲವೋ ಎಂಬುದನ್ನು ಸಸಿಯ ಎಲೆಯ ಚೂರಿನಿಂದಲೇ ಪರೀಕ್ಷಿಸಬಹುದು. ಹೂ ಬಿಡುವ ತನಕ ಕಾಯಬೇಕಾಗಿಲ್ಲ. ಅಲ್ಲಿಯವರೆಗೆ ಸಂಸ್ಥೆಯೊಂದು ಲಕ್ಷ ಸಸಿಗಳನ್ನು ತಯಾರಿಸಿ ಮಾರಿ, ಅವು ಕೆಟ್ಟವೆಂದು ಗೊತ್ತಾಗುವ ಹೊತ್ತಿಗೆ ಅದೇ ಕ್ಯಾಲಸ್‌ನಿಂದ ಇನ್ನೂ ಲಕ್ಷಗಟ್ಟಲೆ ಸಸಿಗಳು ಬೇರೆ ಬೇರೆ ಹಂತಗಳಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. 1986ರ ನಂತರ ಉತ್ಪಾದಕರು ಹಿಂಜರಿದದ್ದು ದೋಷಕ್ಕಿಂತ ಹೆಚ್ಚಾಗಿ ಈ ಕುರುಡುತನಕ್ಕೆ. ಆಗ ಅವರು ಹಿಡಿದ ಮಾರ್ಗಗಳು ಅನುಭವದವು: ಒಂದು ಕ್ಯಾಲಸ್ ಸಾಲಿನಿಂದ ತೆಗೆಯುವ ಸಸಿಗಳ ಸಂಖ್ಯೆಗೆ ಮಿತಿ, ಪದೇ ಪದೇ ಹೊಸ ದ್ರವ್ಯಕ್ಕೆ ವರ್ಗಾಯಿಸಿ ವರ್ಷಗಟ್ಟಲೆ ಜೀವಂತ ಇಡುವುದಕ್ಕೆ ತಡೆ, ಹಾರ್ಮೋನಿನ ಪ್ರಮಾಣದಲ್ಲಿ ಕಡಿತ. ಇವು ಇಂದಿಗೂ ಒಳ್ಳೆಯ ಪ್ರಯೋಗಾಲಯದ ಲಕ್ಷಣಗಳೇ. ಪರೀಕ್ಷೆ ಬಂದಿತೆಂದು ಇವನ್ನು ಸಡಿಲಿಸುವುದು ತಪ್ಪಾಗುತ್ತದೆ. ಎಲೆಯ ಚೂರು ಎಲೆಯ ಸ್ಥಿತಿಯನ್ನು ಹೇಳುತ್ತದೆ. ಒಂದೇ ಮರದ ಎಲ್ಲ ಕೋಶಗಳೂ ಒಂದೇ ಸ್ಥಿತಿಯಲ್ಲಿ ಇರಲೇಬೇಕೆಂದಿಲ್ಲ. ಲಕ್ಷಗಟ್ಟಲೆ ಸಸಿಗಳನ್ನು ಒಂದೊಂದಾಗಿ ಪರೀಕ್ಷಿಸುವ ಖರ್ಚೂ ಸಣ್ಣದಲ್ಲ.

ಹೂವಿನ ದೋಷ ಪೂರ್ತಿ ಬಗೆಹರಿದಿದೆ ಎಂದುಕೊಂಡರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ, ಮತ್ತು ಜಾಹೀರಾತುಗಳಲ್ಲಿ ಅದರ ಸುದ್ದಿ ಬರುವುದು ಕಡಿಮೆ. ತದ್ರೂಪು ಮಾಡಿದ್ದು ಯಾವ ಮರವನ್ನು? ಒಂದು ಮರ ನೆರೆಯವುಗಳಿಗಿಂತ ಹೆಚ್ಚು ಗೊನೆ ಬಿಡುವುದಕ್ಕೆ ಅದರ ವಂಶವೇ ಕಾರಣವೆಂದು ಹೇಳಲಾಗದು. ಪಕ್ಕದ ಮರ ಸತ್ತು ಬೆಳಕು ಹೆಚ್ಚು ಸಿಕ್ಕಿರಬಹುದು. ಅದರ ಬುಡದಲ್ಲಿ ಮಣ್ಣು ಆಳವಾಗಿದ್ದು ತೇವ ನಿಲ್ಲುತ್ತಿರಬಹುದು. ಅದೃಷ್ಟದಿಂದ ಬಂದ ಇಳುವರಿಯನ್ನು ಸೀಸೆಗೆ ಹಾಕಿದರೆ ಹೊರಬರುವ ಸಾವಿರ ಸಸಿಗಳಿಗೆ ಆ ಅದೃಷ್ಟ ಇರುವುದಿಲ್ಲ. ಎಣ್ಣೆಯ ಪ್ರಮಾಣದಂತಹ ಗುಣಗಳು ವಂಶದ ಹಿಡಿತಕ್ಕೆ ಹೆಚ್ಚು ಒಳಪಟ್ಟಿವೆ, ಗೊನೆಗಳ ಒಟ್ಟು ತೂಕ ಅಷ್ಟಾಗಿ ಇಲ್ಲ. ಹಾಗಾಗಿ ತದ್ರೂಪಿ ತಳಿಯನ್ನು ಬೇರೆ ಬೇರೆ ಮಣ್ಣುಗಳಲ್ಲಿ ನೆಟ್ಟು ವರ್ಷಗಳ ಕಾಲ ಅಳೆಯದೆ ಅದು ನಿಜವಾಗಿ ಮೇಲು ಎಂದು ಘೋಷಿಸಲು ಬರುವುದಿಲ್ಲ. ತಾಯಿಮರವನ್ನು ಗುರುತಿಸಲು ಎಂಟು ಹತ್ತು ವರ್ಷ, ಪ್ರಯೋಗಾಲಯದಲ್ಲಿ ಮೂರು, ತೋಟದ ಪ್ರಯೋಗದಲ್ಲಿ ಮತ್ತೆ ಎಂಟು ಹತ್ತು. ಅಷ್ಟು ಹೊತ್ತಿಗೆ ಮೂಲ ಮರ ಮುಪ್ಪಾಗಿರುತ್ತದೆ ಅಥವಾ ಇರುವುದೇ ಇಲ್ಲ. ಗೆದ್ದ ತದ್ರೂಪಿಯಿಂದಲೇ ಮತ್ತೆ ಎಲೆ ಕತ್ತರಿಸಿ ತದ್ರೂಪಿನ ತದ್ರೂಪು ಮಾಡುವುದು ಇದಕ್ಕೆ ಒಂದು ಪರಿಹಾರ. ಬಹಳಷ್ಟು ಮಾರಾಟಗಾರರು ಹೇಳುವ ಪ್ರತಿಶತಗಳನ್ನು ಕೇಳಿದಾಗ ಅವು ತಾಯಿಮರದ ಲೆಕ್ಕವೋ ಅದರ ತದ್ರೂಪಿಗಳನ್ನು ಹಲವು ಕಡೆ ಬೆಳೆದು ನೋಡಿದ ಲೆಕ್ಕವೋ ಎಂದು ಕೇಳದೆ ಮುಂದುವರಿಯಬಾರದು.

ಪ್ರಮಾಣದ ಸಮಸ್ಯೆಯೂ ಇದೆ. 50 ಲಕ್ಷ ಹೆಕ್ಟೇರ್ ತಾಳೆ ಇರುವ ದೇಶವೊಂದು ವರ್ಷಕ್ಕೆ ಇಪ್ಪತ್ತೈದನೇ ಒಂದು ಪಾಲನ್ನು ಮರುನಾಟಿ ಮಾಡಿದರೆ 2 ಲಕ್ಷ ಹೆಕ್ಟೇರ್, ಅಂದರೆ ವರ್ಷಕ್ಕೆ 2.8 ಕೋಟಿಗೂ ಹೆಚ್ಚು ಸಸಿಗಳು ಬೇಕು. ಸೀಸೆಯಿಂದ ಸೀಸೆಗೆ ಚಿಮಟಿಗೆಯಿಂದ ಎತ್ತಿಡುವ ಕೆಲಸ ಬಹುಮಟ್ಟಿಗೆ ಮನುಷ್ಯರ ಕೈಯದೇ. ಹಾಗಾಗಿ ತದ್ರೂಪಿ ಸಸಿ ಬೀಜದ ಸಸಿಗಿಂತ ಹಲವು ಪಟ್ಟು ದುಬಾರಿ. ದ್ರವದಲ್ಲಿ ಕೋಶಗಳನ್ನು ಕಲಕುತ್ತಾ ದೊಡ್ಡ ಪ್ರಮಾಣದಲ್ಲಿ ಬೆಳೆಸುವ ವಿಧಾನವನ್ನು ಮಲೇಷಿಯಾದ ಪ್ರಯೋಗಾಲಯಗಳು ಬಳಕೆಗೆ ತಂದಿವೆ, ಆದರೆ ವೇಗ ಹೆಚ್ಚಿದಷ್ಟೂ ಹೂವಿನ ದೋಷದ ಭಯ ಬೆನ್ನಿಗಿರುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿರುವ ಅತ್ಯಂತ ವಿವೇಕದ ಉತ್ತರ ಅಷ್ಟು ಸದ್ದು ಮಾಡದ ಅರೆ-ತದ್ರೂಪಿ ಬೀಜ. ತೋಟಕ್ಕೆ ಬೇಕಾದ ಟೆನೆರಾವನ್ನು ಸೀಸೆಯಲ್ಲಿ ಮಾಡುವ ಬದಲು ಅದರ ತಾಯಿಯಾದ ಅತ್ಯುತ್ತಮ ಡ್ಯೂರಾವನ್ನು, ಅಥವಾ ತಂದೆಯಾದ ಪಿಸಿಫೆರಾವನ್ನು ಸೀಸೆಯಲ್ಲಿ ಹಲವಾಗಿಸಿ, ಬೀಜತೋಟದಲ್ಲಿ ನೆಟ್ಟು, ಅವುಗಳಿಂದ ಎಂದಿನಂತೆ ಬೀಜ ಪಡೆಯುವುದು. ಒಂದು ಗೊನೆಯಲ್ಲಿ ಸಾವಿರದ ಆಸುಪಾಸಿನಲ್ಲಿ ಬೀಜಗಳಿರುವುದರಿಂದ ಕೆಲವೇ ನೂರು ತದ್ರೂಪಿ ತಾಯಿಮರಗಳು ಸಾಕು. ಹೂವಿನ ದೋಷವಿರುವ ತಾಯಿಮರ ಬೀಜತೋಟದಲ್ಲಿಯೇ ಸಿಕ್ಕಿಬೀಳುತ್ತದೆ, ರೈತನ ಹೊಲಕ್ಕೆ ಹೋಗುವುದಿಲ್ಲ. ಪೂರ್ಣ ತದ್ರೂಪಿಯಷ್ಟು ಏಕರೂಪತೆ ಬರುವುದಿಲ್ಲ, ನಿಜ. ಆದರೆ ಏಕರೂಪತೆಗೂ ಬೆಲೆ ತೆರಬೇಕಾಗುತ್ತದೆ. ಒಂದೇ ತದ್ರೂಪಿಯಿಂದ ತುಂಬಿದ ತೋಟದಲ್ಲಿ ಮರಗಳು ಗಂಡು ಹೂ, ಹೆಣ್ಣು ಹೂಗಳ ಸರದಿಯನ್ನು ಒಟ್ಟೊಟ್ಟಿಗೆ ಬದಲಿಸಿದರೆ ಪರಾಗ ಬೇಕಾದಾಗ ಪರಾಗವಿಲ್ಲ. ಕಾಂಡದ ಬುಡ ಕೊಳೆಸುವ ಗ್ಯಾನೊಡರ್ಮಾ ಶಿಲೀಂಧ್ರಕ್ಕೆ ಒಂದು ಮರ ಸೋತರೆ ಉಳಿದವೂ ಸೋಲುವ ಸಾಧ್ಯತೆ ಹೆಚ್ಚು. ಇದನ್ನು ಬಲ್ಲವರು ಹಲವು ತದ್ರೂಪಿ ತಳಿಗಳನ್ನು ಬೆರೆಸಿ ನೆಡುತ್ತಾರೆ.

ಇಳುವರಿ ಹೆಚ್ಚಿದರೆ ಕಾಡು ಉಳಿಯುತ್ತದೆ ಎಂಬ ವಾದವನ್ನು ಎಚ್ಚರದಿಂದ ಕೇಳಬೇಕು. ಹೆಕ್ಟೇರಿನ ಲೆಕ್ಕದಲ್ಲಿ ತಾಳೆಯಷ್ಟು ಎಣ್ಣೆ ಕೊಡುವ ಬೆಳೆ ಬೇರೊಂದಿಲ್ಲ, ಅದರ ಇಳುವರಿ ಇನ್ನೂ ಏರಿದರೆ ಅಷ್ಟೇ ಎಣ್ಣೆಗೆ ಕಡಿಮೆ ನೆಲ ಸಾಕು. ಆದರೆ ಲಾಭ ಹೆಚ್ಚಾದ ಬೆಳೆ ತಾನಾಗಿಯೇ ಹಿಂದೆ ಸರಿದ ಉದಾಹರಣೆಗಳು ವಿರಳ. ಭೂಮಿಗೆ ಮಿತಿ ಹಾಕುವ ಕಾನೂನು ಇದ್ದು, ಅದು ಜಾರಿಯಲ್ಲೂ ಇದ್ದರೆ ಮಾತ್ರ ಉಳಿತಾಯದ ಲೆಕ್ಕ ನಿಲ್ಲುತ್ತದೆ. ಇಂಡೋನೇಷ್ಯಾದ ತಾಳೆ ನೆಲದ ಸುಮಾರು 40 ಪ್ರತಿಶತ ಸಣ್ಣ ಹಿಡುವಳಿದಾರರ ಕೈಯಲ್ಲಿದೆ, ಅವರ ಇಳುವರಿ ದೊಡ್ಡ ತೋಟಗಳಿಗಿಂತ ಕಡಿಮೆ. ಅವರಲ್ಲಿ ಹಲವರಿಗೆ ಇಂದಿಗೂ ಸಿಗುವುದು ಎಲ್ಲಿಂದಲೋ ಆಯ್ದ, ಡ್ಯೂರಾ ಬೆರೆತ ಬೀಜ. ಅವರ ನೆಲದಲ್ಲಿ ಶುದ್ಧ ಟೆನೆರಾ ನೆಟ್ಟು, ಸಕಾಲಕ್ಕೆ ಗೊಬ್ಬರ ಕೊಟ್ಟು, ಹಣ್ಣಾದ ಗೊನೆಯನ್ನು ತಡಮಾಡದೆ ಗಿರಣಿಗೆ ಸಾಗಿಸಿದರೆ ಬರುವ ಹೆಚ್ಚಳ ಯಾವ ಸೀಸೆಯಿಂದ ಬರುವುದಕ್ಕಿಂತಲೂ ಬೇಗ ಬರುತ್ತದೆ. ಚಿಪ್ಪಿನ ವಂಶವಾಹಿಯ ಪರೀಕ್ಷೆಯಿಂದ ನರ್ಸರಿಯಲ್ಲಿಯೇ ಡ್ಯೂರಾ ಸಸಿಯನ್ನು ಹೆಕ್ಕಿ ತೆಗೆಯಬಹುದು. ದುಬಾರಿ ತದ್ರೂಪಿ ಸಸಿಗಳು ಸದ್ಯಕ್ಕೆ ಹೋಗುತ್ತಿರುವುದು ಗೊಬ್ಬರ, ನೀರು, ನಿಗಾ ಮೂರಕ್ಕೂ ಕೊರತೆಯಿಲ್ಲದ ದೊಡ್ಡ ತೋಟಗಳಿಗೆ. ಸಣ್ಣವರಿಗೆ ಈ ವಿಜ್ಞಾನ ತಲುಪುವುದಿದ್ದರೆ ಅರೆ-ತದ್ರೂಪಿ ಬೀಜದ ರೂಪದಲ್ಲಿ ತಲುಪುವ ಸಾಧ್ಯತೆಯೇ ಹೆಚ್ಚು.

ಪ್ರಯೋಗಾಲಯಗಳು ಕಾಲದ ಸಮಸ್ಯೆಗೆ ಹುಡುಕಿಕೊಂಡಿರುವ ಇನ್ನೊಂದು ಉಪಾಯ ಶೈತ್ಯ ಸಂಗ್ರಹ. ಹೊಸ ತಾಯಿಮರದಿಂದ ಮೊದಲ ಭ್ರೂಣಗಳು ಹುಟ್ಟಿದ ಕೂಡಲೇ, ವರ್ಷಗಟ್ಟಲೆ ದ್ರವ್ಯ ಬದಲಿಸುತ್ತಾ ಮೀಥೈಲ್ ಗುರುತುಗಳನ್ನು ಕಳೆದುಕೊಳ್ಳುವ ಮೊದಲೇ, ಅವುಗಳ ಒಂದು ಭಾಗವನ್ನು ಒಣಗಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಉಳಿದವು ಸಸಿಗಳಾಗಿ ಪ್ರಯೋಗದ ತೋಟಕ್ಕೆ ಹೋಗಿ, ಹೂ ಬಿಟ್ಟು, ಹಣ್ಣು ಕಟ್ಟಿ, ಗೊನೆಗಳ ತೂಕ ವರ್ಷ ವರ್ಷ ದಾಖಲೆಗೆ ಸೇರುತ್ತದೆ. ತಳಿ ಗೆದ್ದರೆ ಡಬ್ಬಿಯಿಂದ ಭ್ರೂಣಗಳನ್ನು ಹೊರತೆಗೆದು ಎಬ್ಬಿಸುತ್ತಾರೆ. ಸೋತರೆ ಆ ಡಬ್ಬಿಯ ಜಾಗದಲ್ಲಿ ಇನ್ನೊಂದು ಮರದ್ದನ್ನು ಇಡುತ್ತಾರೆ.